‘ಮೌಲಾನಾ ಜೊತೆ ಉಮ್ರಾ’ ಪ್ಯಾಕೇಜಿಗೆ ಹೋಗಿ ಬಂದೆ, ಇದು ನನ್ನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಟೂರ್ಸ್‌ನವರ ಹೆಸರಿಲ್ಲ, ಮೌಲಾನಾ ಹೆಸರೂ ಇಲ್ಲ. ಫೋನ್ ಮಾಡಿ ಕೇಳಿದರೂ ಹೇಳುವುದಿಲ್ಲ. ಅಮ್ಮ ಮಾತು ತಗೊಂಡಿದ್ದಾರೆ, ಗೀಬತ್ (ಬೆನ್ನ ಹಿಂದೆ ಆಡಿಕೊಳ್ಳುವುದು) ಆಗುತ್ತದೆ ಅಂತ. ಜನರನ್ನು ಎಚ್ಚರಿಸಲು ಹೇಳಿದರೆ ಪರವಾಗಿಲ್ಲ, ಹಳೇ ಕಾಲದ ದೊಡ್ಡ ವಿದ್ವಾಂಸ ಇಮಾಮ್ ನವವಿಯವರೇ ಅಂಥ ಆರು ಸಂದರ್ಭ ಬರೆದಿಟ್ಟಿದ್ದಾರೆ ಅಂದೆ. “ಎಚ್ಚರಿಸು, ಬೇಡ ಅಂದವರು ಯಾರು? ಅದಕ್ಕೆ ಹೆಸರು ಯಾಕೆ?” ಅಂದರು. ಅಲ್ಲಿಗೆ ಮುಗಿಯಿತು.

ಉಮ್ರಾ ಅಂದರೆ ಮಕ್ಕಾಕ್ಕೆ ಮಾಡುವ ಚಿಕ್ಕ ಯಾತ್ರೆ. ಪ್ಯಾಕೇಜ್ 15 ದಿನದ್ದು, ಒಬ್ಬರಿಗೆ 1,12,000 ರೂಪಾಯಿ. ಇಷ್ಟೇ ದಿನಕ್ಕೆ ಬೇರೆಯವರು ಹೇಳಿದ್ದಕ್ಕಿಂತ 15,000 ಜಾಸ್ತಿ. ಆ ಜಾಸ್ತಿ ದುಡ್ಡು ಮೌಲಾನಾ ಸಲುವಾಗಿ. ವಾಟ್ಸಾಪ್‌ನಲ್ಲಿ ಬಂದ ಪೋಸ್ಟರಿನಲ್ಲಿ ಅವರ ಫೋಟೋ ಕಾಬಾಕ್ಕಿಂತ ದೊಡ್ಡದಿತ್ತು, ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಆದರೆ ಸುಳ್ಳು ಹೇಳಬಾರದು, ಅವರ ವಿಡಿಯೋ ನಾನೂ ರಾತ್ರಿ ಮಲಗುವ ಮುಂಚೆ ನೋಡುತ್ತಿದ್ದವನೇ. ದುವಾ ಮಾಡುವಾಗ ಅವರ ಗಂಟಲು ಕಟ್ಟುತ್ತದಲ್ಲ, ಅಲ್ಲಿ ನನಗೂ ಕಣ್ಣು ತುಂಬುತ್ತಿತ್ತು. “ಪೂರ್ತಿ ಪ್ರವಾಸ ಮೌಲಾನಾ ಜೊತೆ” ಅಂತ ಬರೆದಿತ್ತು, ಅಡ್ವಾನ್ಸ್ ಕಳಿಸಿಬಿಟ್ಟೆ.

ಅಮ್ಮ ಭಟ್ಕಳದಲ್ಲಿ ಮತ್ಸ್ಯಗಂಧಾ ಹತ್ತಿದರು, ನಾನು ಕಾರವಾರದಲ್ಲಿ. ಮುಂಬೈಯಿಂದ ಜಿದ್ದಾ. ವೀಸಾ, ಟಿಕೆಟ್, ಬಸ್ಸು, ಇದರಲ್ಲಿ ಒಂದು ತಪ್ಪೂ ಇಲ್ಲ, ಐದಕ್ಕೆ ಐದು. ಊಟ ಮೂರು. 15 ದಿನ ಕೋಳಿ, ದಾಲ್, ಕೋಳಿ. ಮೀನಿನ ಒಂದು ತುಂಡೂ ಕಾಣಲಿಲ್ಲ, ಕರಾವಳಿಯವರಿಗೆ ಅದೂ ಒಂದು ಸಬರ್ (ತಾಳ್ಮೆ) ಅಂದುಕೊಳ್ಳಬೇಕು. ಮಕ್ಕಾದ ಹೋಟೆಲಿಗೆ ಎರಡು. ಹರಮ್‌ಗೆ (ಕಾಬಾ ಇರುವ ಮಸೀದಿಗೆ) 400 ಮೀಟರ್ ಅಂದಿದ್ದರು, ಸುಳ್ಳೇನಲ್ಲ ಇರಬಹುದು, ಆದರೆ ವಾಪಸ್ ಬರುವಾಗ ಅದು ಪೂರ್ತಿ ಏರು, ಅಮ್ಮನ ಮಂಡಿ ನೋಡಿದವರು ಯಾರೂ ಆ ಹೋಟೆಲ್ ಕೊಡುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಮೌಲಾನಾ ವಿಮಾನದಲ್ಲಿ ಇರಲಿಲ್ಲ. “ಹಜರತ್‌ಗೆ ಒಂದು ಜಲ್ಸಾ (ಧಾರ್ಮಿಕ ಸಭೆ) ಇದೆ, ಬರ್ತಾರೆ” ಅಂದರು. ನಮ್ಮ ಜೊತೆ ಬಂದದ್ದು ಒಬ್ಬ ಹುಡುಗ, ವಿಜಯಪುರ ಕಡೆಯವನು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಪೋಸ್ಟರಿನಲ್ಲಿ ಅವನ ಫೋಟೋ ಇರಲಿ, ಹೆಸರೂ ಇರಲಿಲ್ಲ. ಯಲಮ್‌ಲಮ್ ಮೀಖಾತ್ (ಯಾತ್ರೆಯ ಸಂಕಲ್ಪ ಮಾಡಬೇಕಾದ ಗಡಿ) ಬರುವ ಮುಂಚೆ ಒಬ್ಬೊಬ್ಬರ ಸೀಟಿನ ಹತ್ತಿರ ಹೋಗಿ ನಿಯ್ಯತ್ (ಸಂಕಲ್ಪ) ಹೇಳಿಕೊಟ್ಟವನು ಅವನೇ. ಮೊದಲ ಉಮ್ರಾ ಮಾಡಿಸಿದವನೂ ಅವನೇ. ಅಮ್ಮನನ್ನು ವೀಲ್‌ಚೇರಿನಲ್ಲಿ ಮೇಲಿನ ಮಹಡಿಯಲ್ಲಿ ತವಾಫ್ (ಕಾಬಾಕ್ಕೆ ಏಳು ಸುತ್ತು) ಮಾಡಿಸಬೇಕಾಯಿತು, ಕೆಳಗಿನದಕ್ಕಿಂತ ಅಲ್ಲಿ ಸುತ್ತು ಉದ್ದ, ನಾಲ್ಕನೇ ಸುತ್ತಿಗೆ ನನ್ನ ಕೈ ಸೋತಿತು. ಅವನು ಏನೂ ಹೇಳದೆ ಹಿಡಿಕೆ ತಗೊಂಡ. ಕುತ್ತಿಗೆಗೆ ಒಂದು ನೀಲಿ ಪ್ಲಾಸ್ಟಿಕ್ ಚೀಲ ನೇತುಹಾಕಿಕೊಂಡಿದ್ದ, ಅದರಲ್ಲಿ ಗುಂಪಿನ ಮುದುಕರ ಚಪ್ಪಲಿಗಳು. ಅಮ್ಮನ ಹವಾಯಿ ಚಪ್ಪಲಿಯೂ ಅದರಲ್ಲೇ. ಯಾರದ್ದೂ ಕಳೆಯಲಿಲ್ಲ. ಅವನದ್ದೇ ಕಳೆಯಿತು.

ಅವತ್ತು ರಾತ್ರಿ ಅಮ್ಮನಿಗೆ ಒಂದು ಚಿಂತೆ ಹತ್ತಿತು. ನಾವು ನವಾಯತರು, ಭಟ್ಕಳ ಕಡೆಯ ಮುಸ್ಲಿಮರು, ಶಾಫಿ ಮಜಹಬ್ (ಧರ್ಮಶಾಸ್ತ್ರದ ಒಂದು ಪಂಥ). ಪರ ಗಂಡಸಿನ ಚರ್ಮ ತಾಗಿದರೆ ನಮ್ಮಲ್ಲಿ ವುಝೂ (ನಮಾಜಿಗೂ ತವಾಫಿಗೂ ಬೇಕಾದ ಶುದ್ಧಿ) ಹೋಗುತ್ತದೆ, ಇನ್ನೊಂದು ಪಂಥದ ಹನಫಿಗಳಲ್ಲಿ ಹಾಗಿಲ್ಲ. ತವಾಫ್‌ನಲ್ಲಿ ಯಾರದ್ದೋ ಕೈ ಅಮ್ಮನ ಕೈಗೆ ತಾಗಿದೆ. ತವಾಫ್ ಆಯಿತೋ ಇಲ್ಲವೋ? ಹುಡುಗನನ್ನು ಕೇಳಿದರು. “ಗೊತ್ತಿಲ್ಲ ಖಾಲಾ” ಅಂದ. ಇಷ್ಟು ನೇರವಾಗಿ ಒಬ್ಬ ಆಲಿಮ್ (ಧರ್ಮಪಂಡಿತ) ಗೊತ್ತಿಲ್ಲ ಅಂದದ್ದನ್ನು ನಾನು ಕೇಳಿ ಎಷ್ಟೋ ವರ್ಷ ಆಗಿತ್ತು. “ನಾನು ಹನಫಿ ಮದ್ರಸಾದಲ್ಲಿ ಓದಿದವನು. ಬಾಯಿಗೆ ಬಂದದ್ದು ಹೇಳಿದರೆ ನಿಮ್ಮ ತವಾಫ್ ನನ್ನ ಕುತ್ತಿಗೆಗೆ ಬೀಳುತ್ತದೆ. ಬೆಳಗ್ಗೆ ಕೇಳಿ ಹೇಳ್ತೇನೆ.” ಫಜರ್ (ಬೆಳಗಿನ ನಮಾಜ್) ಆದ ಮೇಲೆ, ನಮ್ಮೂರಲ್ಲಿ ಆಗ ಏಳೂವರೆ ಆಗಿರಬೇಕು, ಭಟ್ಕಳದ ಒಬ್ಬ ಶಾಫಿ ಉಸ್ತಾದರ ನಂಬರ್ ಎಲ್ಲಿಂದಲೋ ಹುಡುಕಿ ಫೋನ್ ಹಚ್ಚಿದ. ಶಾಫಿ ಮಾತು ನೀವು ಹೇಳಿದ್ದೇ ಸರಿ, ಆದರೆ ಅಂಥ ಜನಜಂಗುಳಿಯಲ್ಲಿ ಬೇರೆ ಮಜಹಬ್‌ನ ಮಾತು ಹಿಡಿಯಲು ನಮ್ಮ ಉಲಮಾಗಳೇ ಅವಕಾಶ ಕೊಟ್ಟಿದ್ದಾರೆ, ತವಾಫ್ ಆಗಿದೆ ಅಂತ ಅವರು ಅಮ್ಮನಿಗೇ ಹೇಳಿದರು, ಅದೂ ನವಾಯತಿಯಲ್ಲಿ. ಅಮ್ಮನ ಮುಖ ಆಗ ನೋಡಬೇಕಿತ್ತು.

ಇಮಾಮ್ ಮಾಲಿಕ್‌ಗೆ ಒಮ್ಮೆ 48 ಪ್ರಶ್ನೆ ಕೇಳಿದರಂತೆ, 32ಕ್ಕೆ “ಗೊತ್ತಿಲ್ಲ” ಅಂದರಂತೆ. ಮದೀನಾದ ಅಷ್ಟು ದೊಡ್ಡ ಇಮಾಮ್. ಇದನ್ನು ಶುಕ್ರವಾರದ ಜುಮಾ ಬಯಾನ್‌ನಲ್ಲಿ ಹತ್ತು ಸಲ ಕೇಳಿದ್ದೇನೆ, ಕಣ್ಣಿಗೆ ಕಂಡದ್ದು ಆವತ್ತೇ.

ನಾಲ್ಕನೇ ದಿನ ಮೌಲಾನಾ ಬಂದರು. ಹಿಂದೆ ಇಬ್ಬರು ಕ್ಯಾಮೆರಾದವರು. ದೊಡ್ಡವರು ಬಂದಿದ್ದಾರೆ, ಇವರನ್ನೂ ಒಮ್ಮೆ ಕೇಳೋಣ ಅಂತ ಅಮ್ಮ ಬಸ್ಸಿನಲ್ಲಿ ಅದೇ ಪ್ರಶ್ನೆ ಕೇಳಿದರು. ಮೌಲಾನಾ ಮೈಕ್‌ನಲ್ಲೇ ನಕ್ಕರು. “ಇಲ್ಲಿಗೆ ಬಂದೂ ಶಾಫಿ ಹನಫಿ ಅಂತೀರಾ? ದಿಲ್ ಸಾಫ್ ಇದ್ದರೆ ಸಾಕು.” ಇಡೀ ಬಸ್ಸು ಸುಬ್‌ಹಾನಲ್ಲಾ ಅಂದಿತು. ಅಮ್ಮ ಸೆರಗು ಸರಿಮಾಡಿಕೊಂಡು ಸುಮ್ನೆ ಕೂತರು. ಆ ತುಣುಕು ಸಂಜೆಗೆ ರೀಲ್ ಆಗಿ ಬಂತು, ಪುಣ್ಯಕ್ಕೆ ಅಮ್ಮನ ಮುಖ ಇಲ್ಲ.

ಮರುದಿನ ಬಸ್ಸಿನಲ್ಲಿ ಅವರ ಮದ್ರಸಾಕ್ಕೆ ಚಂದಾ ಎತ್ತಿದರು. ಸ್ಕ್ಯಾನರ್ ಅಂಟಿಸಿದ ರಟ್ಟು ಸೀಟಿಂದ ಸೀಟಿಗೆ ಹೋಯಿತು. ರಸೀದಿ ವಾಟ್ಸಾಪ್‌ಗೆ ಬರುತ್ತದೆ ಅಂದರು, ಇವತ್ತಿಗೂ ಬಂದಿಲ್ಲ. ಆಲಿಮ್ ದುಡ್ಡು ತಗೊಂಡರೆ ಇಖ್ಲಾಸ್ (ನಿಸ್ವಾರ್ಥ ಭಕ್ತಿ) ಹೋಯಿತು ಅನ್ನುವವನು ನಾನಲ್ಲ. ಅವರಿಗೂ ಮನೆ ಇದೆ, ಗ್ಯಾಸ್ ಬಿಲ್ ಇದೆ. ಚೇಳು ಕಚ್ಚಿದವನಿಗೆ ಫಾತಿಹಾ (ಕುರ್ಆನಿನ ಮೊದಲ ಅಧ್ಯಾಯ) ಓದಿ ಕುರಿ ಪಡೆದ ಸಹಾಬಿಗಳನ್ನು (ಪ್ರವಾದಿಯವರ ಸಂಗಾತಿಗಳನ್ನು) ಪ್ರವಾದಿಯವರು (ಸ) ಬೈಯಲಿಲ್ಲ, ನನಗೂ ಒಂದು ಪಾಲಿಡಿ ಅಂದರು ಅಂತ ಬುಖಾರಿಯವರ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಗ್ರಂಥದಲ್ಲೇ ಇದೆ. ಸಂಬಳ ಬೇರೆ, ಲೆಕ್ಕ ಇಲ್ಲದ ದುಡ್ಡು ಬೇರೆ. ನಮ್ಮ ಮಸೀದಿಯಲ್ಲಿ ಸುಣ್ಣ ಬಳಿಸಿದ ಖರ್ಚೂ ಬೋರ್ಡಿನಲ್ಲಿ ಬರುತ್ತದೆ.

ಇಷ್ಟೊತ್ತಿಗೆ ನಾನು ಮನಸ್ಸಿನಲ್ಲಿ ತೀರ್ಪು ಬರೆದಾಗಿತ್ತು. ರಿಯಾ, ಬರೀ ಶೋ, ಮುಗೀತು. ಆಮೇಲೆ ಒಂದು ರಾತ್ರಿ ಮೂರು ಗಂಟೆಗೆ ನಿದ್ದೆ ಬಾರದೆ ಹರಮ್‌ಗೆ ಒಬ್ಬನೇ ಹೋದೆ. ಒಂದು ಕಂಬದ ಹಿಂದೆ ಯಾರೋ ಹಣೆ ನೆಲಕ್ಕಿಟ್ಟು ಸಜ್ದಾದಲ್ಲಿದ್ದರು, ಬಹಳ ಹೊತ್ತು, ಬೆನ್ನು ನಡುಗುತ್ತಿತ್ತು. ಎದ್ದಾಗ ನೋಡಿದರೆ ನಮ್ಮ ಮೌಲಾನಾ. ಕ್ಯಾಮೆರಾ ಇಲ್ಲ, ಅತ್ತರ್ ಇಲ್ಲ, ಒಂದು ಹಳೇ ಟೋಪಿ. ನನ್ನನ್ನು ನೋಡಲಿಲ್ಲ. ನಾನು ಕಳ್ಳನ ಹಾಗೆ ಪಕ್ಕಕ್ಕೆ ಸರಿದೆ.

ಅಮ್ಮನಿಗೆ ಹೇಳಿದೆ. “ಮತ್ತೆ? ನೀನೇನು ಅವರ ಎದೆ ಸೀಳಿ ನೋಡಿದ್ದೆಯಾ?” ಅಂದರು. ಆ ಮಾತು ಎಲ್ಲಿಯದು ಅಂತ ಓದಿದವರಿಗೆ ಗೊತ್ತು. ಯುದ್ಧದಲ್ಲಿ ಕತ್ತಿ ಎತ್ತಿದಾಗ ಒಬ್ಬ ಕಲಿಮಾ (ಇಸ್ಲಾಂ ನಂಬಿಕೆಯ ಮಾತು) ಹೇಳಿದ, ಹೆದರಿ ಹೇಳಿದ ಅಂತ ಪ್ರವಾದಿಯವರ ಸಂಗಾತಿ ಉಸಾಮಾ ಅವನನ್ನು ಕೊಂದರು. ಆಗ ಪ್ರವಾದಿಯವರು (ಸ) ಉಸಾಮಾರಿಗೆ ಕೇಳಿದ ಪ್ರಶ್ನೆ ಅದು. ಇಮಾಮ್ ಗಝಾಲಿ 1095ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸಾದಲ್ಲಿ ದೊಡ್ಡ ಮುದರ್ರಿಸ್ (ಪಾಠ ಹೇಳುವ ಗುರು). ನಾನು ಪಾಠ ಹೇಳುವುದು ಅಲ್ಲಾಹನಿಗಲ್ಲ, ಹೆಸರಿಗೆ ಅಂತ ತನ್ನ ಮೇಲೇ ಅನುಮಾನ ಬಂದು ಸುಮಾರು ಆರು ತಿಂಗಳು ಒದ್ದಾಡಿದರು, ಪಾಠಕ್ಕೆ ನಾಲಿಗೆಯೇ ಹೊರಳದೆ ಕೊನೆಗೆ ಕೆಲಸ ಬಿಟ್ಟು ಹೊರಟರು. ಗಝಾಲಿಗೆ ತನ್ನ ನಿಯ್ಯತ್ ನೋಡಿಕೊಳ್ಳಲು ಆರು ತಿಂಗಳು, ನನಗೆ ಇನ್ನೊಬ್ಬರದ್ದು ಅಳೆಯಲು ಎರಡು ಬಸ್ ಪ್ರಯಾಣ!

ಹಾಗಂತ ರಿವ್ಯೂ ಬರೆಯಬಾರದಾ? ನಮ್ಮವರಷ್ಟು ರಿವ್ಯೂ ಬರೆದವರು ಇನ್ನೊಬ್ಬರಿಲ್ಲ. ಹದೀಸ್ ಹೇಳಿದ ಸಾವಿರಾರು ಜನರನ್ನು ಇವರು ನಂಬಿಕಸ್ಥ, ಇವರು ದುರ್ಬಲ, ಇವರು ಸುಳ್ಳ ಅಂತ ವಿಂಗಡಿಸಿಟ್ಟಿದ್ದಾರೆ, ಜರ್ಹ್-ತಾದೀಲ್ ಅಂತ ಅದೇ ಒಂದು ವಿದ್ಯೆ. ಹದೀಸ್ ಪಂಡಿತ ಅಲೀ ಇಬ್ನ್ ಮದೀನಿ ತನ್ನ ತಂದೆಯನ್ನೇ ದುರ್ಬಲ ಅಂದುಬಿಟ್ಟರು, ಇದು ದೀನ್‌ನ ವಿಷಯ ಅಂತ. ಆದರೆ ಅವರು ನೋಡಿದ್ದು ನೆನಪಿನ ಶಕ್ತಿ, ನಡತೆ, ಮಾತಿನ ನಿಜ. ಎದೆ ಒಳಗಿನದ್ದಕ್ಕೆ ಯಾರೂ ಸ್ಟಾರ್ ಕೊಡಲಿಲ್ಲ.

ಅದಕ್ಕೇ ನಾನೂ ಕಂಡದ್ದಕ್ಕೆ ಮಾತ್ರ ಕೊಡುತ್ತೇನೆ. 15 ದಿನ ಅಂದು ನಾಲ್ಕನೇ ದಿನ ಬಂದು ಒಂಬತ್ತನೇ ದಿನ ಹೊರಟು ಹೋದರು, ಮದೀನಾಕ್ಕೆ ಬರಲೇ ಇಲ್ಲ. ಕೇಳಿದ ಮಸ್ಅಲಾಕ್ಕೆ ಉತ್ತರ ಇಲ್ಲ, ಚಂದಾಕ್ಕೆ ರಸೀದಿ ಇಲ್ಲ. ಒಂದು ಸ್ಟಾರ್. ಆ ರಾತ್ರಿಯ ಸಜ್ದಾ ಅವರದ್ದು ಮತ್ತು ಅಲ್ಲಾಹನದ್ದು, ಅದಕ್ಕೆ ನಾನು 15,000 ಕೊಟ್ಟಿರಲಿಲ್ಲ.

ಹೋಗುವವರು ಇದ್ದರೆ, ಜೊತೆಗೆ ಬರುವವರು ಯಾರು, ಯಾವತ್ತಿನಿಂದ ಯಾವತ್ತಿನವರೆಗೆ, ನಿಮ್ಮ ಮಜಹಬ್ ತಿಳಿದವರು ಇದ್ದಾರಾ, ಇದನ್ನು ಬರೆಸಿಕೊಂಡೇ ದುಡ್ಡು ಕಟ್ಟಿ.

ಮೊನ್ನೆ ಟೂರ್ಸ್‌ನಿಂದ ಫೋನ್ ಬಂತು, ಐದು ಸ್ಟಾರ್ ಹಾಕಿ ಸರ್ ಅಂತ ಒಂದು ಹುಡುಗಿ. ಮುಂದಿನ ಗುಂಪಿಗೂ ಅದೇ ಹುಡುಗ ಬರ್ತಾನಾ, ಬಂದರೆ ನಮ್ಮ ಚಿಕ್ಕಮ್ಮನನ್ನು ಕಳಿಸಬಹುದು ಅಂದೆ. “ಯಾವ ಹುಡುಗ ಸರ್?” ಅಂದಳು. ಮೌಲಾನಾ ಬರೋ ತನಕ ನಮ್ಮ ಜೊತೆ ಇದ್ದನಲ್ಲ, ಚಪ್ಪಲಿ ಚೀಲದ ಹುಡುಗ ಅಂದೆ. ಒಂದು ನಿಮಿಷ ಸರ್ ಅಂದಳು, ಪಕ್ಕದಲ್ಲಿ ಯಾರನ್ನೋ ಕೇಳಿದಳು. ಅವರಿಗೂ ಅವನ ಹೆಸರು ನೆನಪಾಗಲಿಲ್ಲ.