ಹಿಂಗಾರಿಗೆ ಬಿಳಿಜೋಳವೋ, ಕಡಲೆಯೋ?

ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ ವಿಜಯಪುರದ ಡೋಣಿ ನದಿ ದಂಡೆಯ ಎರೆಹೊಲಕ್ಕೆ (ಕಪ್ಪುಮಣ್ಣಿನ ಹೊಲಕ್ಕೆ) ಯಾವುದು ಹಿತವೆಂದು ಕೇಳಿದ್ದೀರಿ. ಬೀಜದ ಖರ್ಚಿನಲ್ಲಿ ಜೋಳವೇ ಅಗ್ಗ: ಎಕರೆಗೆ 3 ಕಿಲೋ ಸಾಕು, ಕಡಲೆಗೆ 20 ಕಿಲೋ ಆದರೂ ಬೇಕು. ಆದರೆ ಕಡಲೆ ಸುಮಾರು 100 ದಿನಗಳಲ್ಲಿ ರಾಶಿಗೆ ಬರುತ್ತದೆ, ಮಾಲದಂಡಿ ತಳಿಯ ಬಿಳಿಜೋಳ ಇನ್ನೂ ಎರಡು ಮೂರು ವಾರ ಹೊಲದಲ್ಲೇ ನಿಲ್ಲುತ್ತದೆ.

ನನ್ನ ದೃಷ್ಟಿಯಲ್ಲಿ ನಿಜವಾದ ಪರೀಕ್ಷೆ ಉಷ್ಣಾಂಶದ್ದು. ಹೂವಾಡುವ ಹೊತ್ತಿನಲ್ಲಿ ಹಗಲಿನ ತಾಪ 35 ಡಿಗ್ರಿ ದಾಟಿದರೆ ಕಡಲೆಯ ಪರಾಗ ನಿಸ್ಸತ್ವವಾಗಿ, ಗಿಡ ಹಸಿರಾಗಿ ಕಂಡರೂ ಹೂವು ಉದುರಿ ಕಾಯಿ ಕಟ್ಟುವುದಿಲ್ಲ. ಜೋಳ ಅಷ್ಟು ಬೇಗ ಸೋಲದು. ಆದರೆ ಮಣ್ಣು ಆಳವಿಲ್ಲದಲ್ಲಿ ತೇವ ಬೇಗ ಆರಿ, ನೆಲ ಬಿರಿದು ಬೇರು ತುಂಡಾಗುತ್ತದೆ.

ಮಳೆ ತಡವಾಗದೆ ಅಕ್ಟೋಬರಿನಲ್ಲೇ ಬಿತ್ತುವವರಿಗೆ, ಭೂಮಿಗೆ ಸಾರಜನಕ ಬೇಕಾದವರಿಗೆ ಕಡಲೆ. ಆಳದ ಎರೆ, ಕಣಕಿ (ಜೋಳದ ಒಣ ದಂಟಿನ ಮೇವು) ಬೇಡುವ ಎತ್ತು ಎರಡೂ ಇದ್ದವರಿಗೆ ಜೋಳ.