ಐಲ್ಯಾಂಡರೋ ಡಾರ್ನಿಯರೋ: ಎರಡಕ್ಕೂ ಕೈಹಾಕಿದವನ ಹೋಲಿಕೆ

ಕುಂಬಳೆಯ ಕಡಲಕರೆಯ ಮೇಲೆ ವಿಮಾನ ತಗ್ಗಿನಲ್ಲಿ ಹಾದರೆ ನೆರೆಮನೆಯ ಹುಡುಗ ಓಡಿ ಬರುತ್ತಾನೆ. "ಮಾವ, ನಿಮ್ಮ ಐಲ್ಯಾಂಡರಾ ಅದು?" ಅಲ್ಲ, ಡಾರ್ನಿಯರ್. ತೊಂಬತ್ತರ ದಶಕದಲ್ಲಿ ಕೊಚ್ಚಿಯ ಐಎನ್‌ಎಸ್ ಗರುಡ ಎಂಬ ವಿಮಾನನೆಲೆಯಲ್ಲಿ ನೌಕಾಪಡೆಯ ಮೆಕ್ಯಾನಿಕ್ ಆಗಿದ್ದ ನಾನು ಎರಡನ್ನೂ ರಿಪೇರಿ ಮಾಡಿದ್ದೇನೆ, ಎರಡರಲ್ಲೂ ಕೂತು ಹಾರಿದ್ದೇನೆ.

ಐಲ್ಯಾಂಡರ್ 1965ರಲ್ಲಿ ಮೊದಲು ಹಾರಿದ ಇಂಗ್ಲೆಂಡಿನ ವಿಮಾನ. ನಮ್ಮ ನೌಕಾಪಡೆಗೆ ಬಂದದ್ದು 1976ರಲ್ಲಿ. ಪೈಲಟ್ ಸೇರಿ ಹತ್ತು ಜನ. ಒಳಗೆ ನಡೆಯಲು ದಾರಿಯಿಲ್ಲ, ಜೀಪಿಗೆ ಹತ್ತಿದ ಹಾಗೆ ಪಕ್ಕದ ಬಾಗಿಲಿಂದ ನೇರ ಸೀಟಿಗೆ. ಚಕ್ರ ಮಡಚುವ ರಗಳೆಯೂ ಇಲ್ಲ. ನಾನು ನೋಡಿಕೊಂಡದ್ದು ಪಿಸ್ಟನ್ ಎಂಜಿನ್‌ನದು; ಕವಚ ಬಿಚ್ಚಿದರೆ ಪ್ಲಗ್, ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಮ್ಯಾಗ್ನೆಟೊ ಎಲ್ಲ ಕೈಗೆ ಸಿಗುತ್ತಿದ್ದವು. ಗಂಟೆಗೆ ಸುಮಾರು 250 ಕಿಲೋಮೀಟರ್, ನಿಧಾನವೇ. ಆದರೆ ರೆಕ್ಕೆ ತಲೆಯ ಮೇಲಿದ್ದುದರಿಂದ ಕಿಟಕಿಯಿಂದ ದೋಣಿಯವರು ಬಲೆ ಎಳೆಯುವುದೂ ಕಾಣುತ್ತಿತ್ತು. ಕಣ್ಣಿಂದ ಹುಡುಕಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತೊಡಕು ಇಂಧನದ್ದು. ಏವಿಯೇಷನ್ ಪೆಟ್ರೋಲೇ ಬೇಕು, ಉಳಿದ ವಿಮಾನಗಳ ಜೆಟ್ ಇಂಧನ ಅದಕ್ಕಾಗದು.

ಡಾರ್ನಿಯರ್ 228 ಜರ್ಮನಿಯ ವಿನ್ಯಾಸ, ತಯಾರಿ ಕಾನ್ಪುರದ ಎಚ್‌ಎಎಲ್‌ನಲ್ಲಿ. ಪ್ರಯಾಣಿಕರಿಗಾದರೆ 19 ಸೀಟು. ನಮ್ಮಲ್ಲಿ ಹೊಟ್ಟೆಯಡಿ ರಾಡಾರ್ ಹೊತ್ತು ಕಡಲು ಕಾಯುತ್ತಿತ್ತು. 700 ಅಶ್ವಶಕ್ತಿ ಮೀರಿದ ಎರಡು ಟರ್ಬೊಪ್ರಾಪ್ ಎಂಜಿನ್ (ಪ್ರೊಪೆಲ್ಲರ್ ತಿರುಗಿಸುವ ಜೆಟ್ ಜಾತಿಯ ಎಂಜಿನ್), ಗಂಟೆಗೆ 400 ಕಿಲೋಮೀಟರ್ ಮುಟ್ಟುವ ಓಟ. ನೆಲದ ಮೇಲೆ ಅದರ ಕಿರುಚು ಕಿವಿ ಸೀಳುತ್ತಿತ್ತು. ಎಂಜಿನ್ ನಿಂತ ಮೇಲೂ ನಮಗೆ ಬಿಡುವಿಲ್ಲ: ಕಾವು ಮೇಲುಗಡೆಯೇ ನಿಂತು ಒಳಗಿನ ಶಾಫ್ಟ್ ಬಾಗದಂತೆ ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಎಪ್ರಿಲ್ ಮಧ್ಯಾಹ್ನ ಆ ಬಿಸಿಗಾಳಿ ಮುಖಕ್ಕೆ ಹೊಡೆಯುವಾಗ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಕಡಲಿಗೆ ತಗ್ಗಿ ಹಾರಿ ಬಂದರೆ ರೆಕ್ಕೆಯ ಅಂಚಿನಲ್ಲಿ ಉಪ್ಪು ಬೆರಳಿಗೆ ತರಿತರಿಯಾಗಿ ಹತ್ತುತ್ತಿತ್ತು. ಸಿಹಿನೀರಿನಲ್ಲಿ ತೊಳೆಯದೆ ಮನೆಗೆ ಹೋಗುವ ಹಾಗಿರಲಿಲ್ಲ.

ಮೆಕ್ಯಾನಿಕ್‌ಗಳನ್ನು ದುಡಿಸಿ ದಣಿಸುವುದರಲ್ಲಿ ಡಾರ್ನಿಯರ್ ಮುಂದು, ನಿಜ. ಆದರೂ ನನ್ನ ಮತ ಅದಕ್ಕೇ. 2017ರ ಒಖಿ ಚಂಡಮಾರುತದಲ್ಲಿ ಕೇರಳದ ಮೀನುಗಾರರನ್ನು ಹುಡುಕಲು ಹೋದವುಗಳಲ್ಲಿ ಡಾರ್ನಿಯರ್ ಇತ್ತು. ಕರೆಗೆ ಕಾಣುವಷ್ಟು ದೂರದಲ್ಲಿ ದೋಣಿ ಮಗುಚಿದರೆ ಐಲ್ಯಾಂಡರ್ ಸಾಕು. ಆದರೆ ಈಗ ನಮ್ಮ ಹುಡುಗರು ಆಳಕಡಲಿಗೆ ಹೋಗಿ ದಿನಗಟ್ಟಲೆ ಇರುತ್ತಾರೆ. ಅವರನ್ನು ಹುಡುಕಲು ಡಾರ್ನಿಯರೇ ಹೊರಡಲಿ.