23ಆ್ಯಂಡ್‌ಮಿ ಆರೋಗ್ಯ ವರದಿ: ಬೀಗ ಹಾಕಿಟ್ಟ ಪುಟಗಳ ವಿಮರ್ಶೆ

23ಆ್ಯಂಡ್‌ಮಿ ಎಂಜಲಿನ ಡಿಎನ್‌ಎ ನೋಡಿ ರೋಗಗಳ ಆನುವಂಶಿಕ ಅಪಾಯ ಹೇಳುವ ಅಮೆರಿಕದ ಸೇವೆ. ಎಂಜಲು ಕೊಡುವುದು ಸುಲಭದ ಕೆಲಸ. ಅರ್ಧ ಗಂಟೆ ಮೊದಲಿಂದ ತಿನ್ನುವುದು, ಕುಡಿಯುವುದು, ಸಿಗರೇಟು, ಚ್ಯೂಯಿಂಗ್ ಗಮ್ ಯಾವುದೂ ಕೂಡದು. ಕೊಳವೆಯ ಗೆರೆ ಮುಟ್ಟುವವರೆಗೆ ತುಂಬಿ, ನೊರೆ ಲೆಕ್ಕಕ್ಕಿಲ್ಲ. ಡಿಎನ್‌ಎ ಸಾಲದೆ ಬಂದರೆ ಮತ್ತೆ ಮಾದರಿ ಕೇಳುತ್ತಾರೆ, ಅಷ್ಟೇ.

ಕಷ್ಟ ಇರುವುದು ವರದಿ ಬಂದ ಮೇಲೆ. ಆಲ್ಝೈಮರ್ (ಮರೆವಿನ ರೋಗ), ಪಾರ್ಕಿನ್ಸನ್ (ನಡುಕದ ರೋಗ), ಬಿಆರ್‌ಸಿಎ (ಸ್ತನ, ಅಂಡಾಶಯದ ಕ್ಯಾನ್ಸರ್‌ಗೆ ಸಂಬಂಧಿಸಿದ ಜೀನ್‌ಗಳು) ಪುಟಗಳು ಉಳಿದವುಗಳ ಜೊತೆ ತೆರೆದುಕೊಳ್ಳುವುದಿಲ್ಲ. ಮೊದಲು ವಿವರಣೆ ಓದಿಸಿ, ನೋಡಬೇಕೋ ಬೇಡವೋ ಎಂದು ಕೇಳುತ್ತವೆ. ಈ ಸೇವೆಯಲ್ಲಿ ಮೆಚ್ಚಬೇಕಾದ್ದು ಇದೇ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತನ್ನ ಜೀನೋಮ್ (ಡಿಎನ್‌ಎಯ ಪೂರ್ಣ ವಿವರ) ಬಯಲಿಗಿಟ್ಟರೂ ಆಲ್ಝೈಮರ್‌ಗೆ ಸಂಬಂಧಿಸಿದ ಎಪಿಒಇ ಜೀನಿನ ಫಲಿತಾಂಶ ತನಗೇ ಬೇಡ ಎಂದಿದ್ದರು. ಅದು ಅಜ್ಞಾನವಲ್ಲ, ಆಯ್ಕೆ. ಭಯ ಕೆಲವರನ್ನು ದೂರ ನಿಲ್ಲಿಸುತ್ತದೆ. ಅದೇ ಭಯ, ಕಾಯುವುದು ಸಾಕಾಗಿ, ಇನ್ನು ಕೆಲವರಿಂದ ಬಟನ್ ಒತ್ತಿಸುತ್ತದೆ.

ಒತ್ತಲು ಏನೂ ಅಡ್ಡಿಯಿಲ್ಲ ಎಂಬುದೇ ದೋಷ. ವಂಶದಲ್ಲಿ ಹರಿದುಬರುವ ಮಿದುಳಿನ ಕಾಯಿಲೆಯಾದ ಹಂಟಿಂಗ್ಟನ್ ರೋಗದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೊದಲು ಆಪ್ತಸಮಾಲೋಚನೆ, ಆಮೇಲೆ ಯೋಚಿಸಲು ಸಮಯ, ಕೊನೆಗೆ ಜೊತೆಗೊಬ್ಬರನ್ನು ಕೂರಿಸಿಕೊಂಡು ಎದುರಾ ಎದುರು ಫಲಿತಾಂಶ. ಇಲ್ಲಿ ನಡುರಾತ್ರಿ ಒಬ್ಬರೇ ಕೂತು ತೆರೆಯಬಹುದು. ಒಂದು ವಾರದ ಕಡ್ಡಾಯ ವಿರಾಮವಾದರೂ ಇರಬೇಕಿತ್ತು.

ಭಯಕ್ಕಿಂತ ಆಸೆ ಇಲ್ಲಿ ಹೆಚ್ಚು ಮೋಸ ಮಾಡುತ್ತದೆ. ಬಿಆರ್‌ಸಿಎ ವರದಿ ಶುರುವಾದಾಗ ನೋಡುತ್ತಿದ್ದುದು ಜೀನಿನ ಮೂರೇ ರೂಪಾಂತರ (ಬದಲಾವಣೆ), ಆಮೇಲೆ 44. ಅಪಾಯಕಾರಿ ಎಂದು ಗುರುತಾದವು ಸಾವಿರಾರು. ‘ಕಂಡುಬಂದಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಿಕೊಂಡವರು ಮುಂದಿನ ತಪಾಸಣೆಯನ್ನೇ ಬಿಡಬಹುದು. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಈ ಪುಟವನ್ನು ನಂಬಬೇಡಿ, ಪೂರ್ಣ ಪರೀಕ್ಷೆ ಮಾಡಿಸಿ. ‘ಕಂಡುಬಂದಿದೆ’ ಎಂದಾದರೂ ವೈದ್ಯಕೀಯ ಲ್ಯಾಬ್ ಖಚಿತಪಡಿಸುವವರೆಗೆ ಚಿಕಿತ್ಸೆಯ ತೀರ್ಮಾನ ಬೇಡ.

ತೆರೆಯುವ ಮುನ್ನ ಎರಡು ಸಾಲು ಬರೆದಿಡಿ: ಹೌದು ಎಂದರೆ ಏನು ಮಾಡುತ್ತೇನೆ, ಅಲ್ಲ ಎಂದರೆ ಏನು. ಬಿಆರ್‌ಸಿಎಗೆ ಉತ್ತರ ಸಿಗುತ್ತದೆ: ಎಂಆರ್‌ಐ ತಪಾಸಣೆ, ಶಸ್ತ್ರಚಿಕಿತ್ಸೆಯ ಚರ್ಚೆ. ಆಲ್ಝೈಮರ್ ಅಪಾಯ ಹೆಚ್ಚಿಸುವ ಎಪಿಒಇ ರೂಪಾಂತರ ಇ4ಗೆ ಬಹುತೇಕರ ಎರಡು ಸಾಲೂ ಒಂದೇ ಆಗುತ್ತವೆ. ಆಗ ಪುಟ ಮುಚ್ಚಿರಲಿ. ಇ4 ಇದ್ದವರೆಲ್ಲರಿಗೂ ರೋಗ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಅಮೆರಿಕದವರು ಜೀವವಿಮೆಯನ್ನೂ ಮೊದಲೇ ಯೋಚಿಸಲಿ: ಅಲ್ಲಿನ 2008ರ ಕಾನೂನು ಆರೋಗ್ಯ ವಿಮೆ, ಉದ್ಯೋಗಕ್ಕೆ ರಕ್ಷಣೆ ಕೊಡುತ್ತದೆ, ಜೀವವಿಮೆಗಲ್ಲ.

ಇನ್ನೊಂದು: ಬೀಗ ಇರುವುದು ವರದಿಗೆ ಮಾತ್ರ. ನಿಮ್ಮ ಡಿಎನ್‌ಎಯ ಕಚ್ಚಾ ದತ್ತಾಂಶ ಇಳಿಸಿಕೊಂಡು ಬೇರೆ ವೆಬ್‌ಸೈಟಿಗೆ ಹಾಕಿದರೆ, ಬೇಡವೆಂದ ಎಪಿಒಇ ಉತ್ತರ ಅಲ್ಲಿ ಕೇಳದೆಯೇ ಎದುರಾಗಬಹುದು.